ಕೌಡೂರು ಸದಾನಂದ ಹೆಗ್ಡೆ
ನ್ಯಾಯಮೂರ್ತಿ, ಸಂಸದ, ಲೋಕಸಭಾಧ್ಯಕ್ಷ (1909–1990)

ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ ಅವರು ಶಾಸನ ರೂಪಿಸುವ ಸದನದಲ್ಲೂ ಅದನ್ನು ಒರೆಗೆ ಹಚ್ಚುವ ನ್ಯಾಯಪೀಠದಲ್ಲೂ ಕುಳಿತವರು. ವಕೀಲರಾಗಿ ಹೆಸರು ಮಾಡಿ, 1952ರಲ್ಲಿ ರಾಜ್ಯಸಭೆ ಪ್ರವೇಶಿಸಿದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟ್ ನ್ಯಾಯಮೂರ್ತಿಯಾದರು. ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ ನೇಮಕಗೊಂಡರು.

1973ರ ಏಪ್ರಿಲ್
ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ ಮೊಕದ್ದಮೆಯನ್ನು 13 ನ್ಯಾಯಮೂರ್ತಿಗಳು 68 ದಿನ ಆಲಿಸಿದರು. ಏಪ್ರಿಲ್ 24ರಂದು 7–6ರ ಬಹುಮತದ ತೀರ್ಪು ಹೊರಬಿತ್ತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ. ಆ ಏಳು ಮಂದಿಯಲ್ಲಿ ಹೆಗ್ಡೆ ಒಬ್ಬರು.

ಬೆನ್ನಲ್ಲೇ ನ್ಯಾಯಮೂರ್ತಿಗಳಾದ ಶೆಲತ್, ಹೆಗ್ಡೆ, ಗ್ರೋವರ್ ಅವರ ಹಿರಿತನವನ್ನು ಕಡೆಗಣಿಸಿ, ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಸರ್ಕಾರ ನೇಮಿಸಿತು. ಮೂವರೂ ರಾಜೀನಾಮೆ ನೀಡಿದರು. ಹುದ್ದೆಗಿಂತ ಆತ್ಮಗೌರವ ದೊಡ್ಡದೆಂದು ಹೆಗ್ಡೆ ನಡೆದು ತೋರಿಸಿದರು.

ಮತ್ತೆ ಸದನಕ್ಕೆ
ತುರ್ತು ಪರಿಸ್ಥಿತಿಯ ನಂತರ, 1977ರಲ್ಲಿ ಬೆಂಗಳೂರು ದಕ್ಷಿಣದ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದರು. ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಆ ಸ್ಥಾನ ಬಿಟ್ಟಾಗ ಸಭಾಧ್ಯಕ್ಷರ ಪೀಠ ಹೆಗ್ಡೆ ಅವರದಾಯಿತು.

ಊರಿಗೆ ಕೊಟ್ಟದ್ದು
1979ರಲ್ಲಿ ಕಾರ್ಕಳ ಸಮೀಪದ ನಿಟ್ಟೆಯಲ್ಲಿ ಅವರು ಕಟ್ಟಿದ ವಿದ್ಯಾಸಂಸ್ಥೆ ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಮಂಗಳೂರು ಬಳಿಯ ದೇರಳಕಟ್ಟೆಯ ವೈದ್ಯಕೀಯ ಕಾಲೇಜು ಅವರ ಹೆಸರು ಹೊತ್ತಿದೆ. ನ್ಯಾಯ ಬಯಸಿ ನ್ಯಾಯಾಲಯದ ಮೆಟ್ಟಿಲೇರುವ ಪ್ರತಿ ಪ್ರಜೆಗೂ 1973ರ ಆ ತೀರ್ಪು ಇಂದಿಗೂ ಕಾವಲು.