ಕೀ ಕೊಟ್ಟ ಮೇಲೆ ಹೊಣೆ ಯಾರದು?

ಸರ್ವಿಸ್‌ಗೆ ಬಿಟ್ಟ ಕಾರಿನ ಬಾಗಿಲಿಗೆ ಡೆಂಟ್ ಬಿದ್ದಿದೆ ಎಂದರೆ ಗ್ಯಾರೇಜಿನವರು ಗೋಡೆಯ ಬೋರ್ಡಿನತ್ತ ಕೈ ತೋರಿಸುತ್ತಾರೆ: ವಾಹನಗಳು ಮಾಲೀಕರ ಸ್ವಂತ ಜವಾಬ್ದಾರಿಯಲ್ಲಿ. ಅದನ್ನೇ ಕಾನೂನೆಂದು ನಂಬಿ ಸುಮ್ಮನಾಗುವವರು ಬಹಳ. ಆದರೆ ಹಣ ಪಡೆದು ಪರರ ವಸ್ತುವಿಗೆ ಕೈ ಹಾಕಿದವನೇ ಅದಕ್ಕೆ ಉತ್ತರ ಹೇಳಬೇಕೆಂಬ ನಿಯಮ ಕಾರಿಗಿಂತ ಎಷ್ಟೋ ಶತಮಾನ ಹಿರಿದು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣವನ್ನು ನೋಡಿ. ಬಟ್ಟೆ ಒಗೆಯುವವರು ಮರದ ಹಲಗೆಯ ಮೇಲೆ ಇಲ್ಲವೆ ನುಣುಪಾದ ಕಲ್ಲಿನ ಮೇಲೆ ಒಗೆಯಬೇಕು. ಬೇರೆಡೆ ಒಗೆದರೆ ಬಟ್ಟೆಗಾದ ಹಾನಿಯನ್ನು ತುಂಬಿಕೊಟ್ಟು, ಮೇಲೆ ಆರು ಪಣ ದಂಡ ಕಟ್ಟಬೇಕು. ಒಗೆಯಲು ಕೊಟ್ಟ ಬಟ್ಟೆಯನ್ನು ತಾವೇ ಉಟ್ಟರೆ ಮೂರು ಪಣ. ದಂಡ ರಾಜನಿಗೆ, ಪರಿಹಾರ ಒಡೆಯನಿಗೆ ಎಂಬ ಎರಡು ಲೆಕ್ಕ ಅಲ್ಲೇ ಬೇರೆಬೇರೆಯಾಗಿವೆ. ಗಿರಾಕಿಯ ಕಾರನ್ನು ಮೆಕ್ಯಾನಿಕ್ ಸ್ವಂತ ಕೆಲಸಕ್ಕೆ ಓಡಿಸಿದಾಗ ಏಳುವ ಜಗಳವೂ ಇದೇ ಜಾತಿಯದು.

ಬ್ರಿಟಿಷರ ಕಾಲದ 1872ರ ಕರಾರು ಕಾಯಿದೆ ಈ ಹೊಣೆಗೆ ಅಳತೆಗೋಲು ಕೊಟ್ಟಿತು. ಸಾಮಾನ್ಯ ವಿವೇಕವುಳ್ಳವನು ಅಷ್ಟೇ ಗಾತ್ರ, ಗುಣಮಟ್ಟ, ಬೆಲೆಯ ತನ್ನದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು ಎನ್ನುತ್ತದೆ ಕಲಂ 151. ವ್ಯಾಪಾರಿಗಳ ಆಕ್ಷೇಪ ಹುಟ್ಟುವುದು ಮುಂದಿನ ಕಲಂನಲ್ಲಿ: ಅಲ್ಲಿ ವಿಶೇಷ ಕರಾರಿನ ಮಾತಿದೆಯಲ್ಲ, ಬೋರ್ಡೂ ಚೀಟಿಯೂ ಅಂಥ ಕರಾರೇ ಅಲ್ಲವೆ? ಇದಕ್ಕೆ ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ, ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ, ಉತ್ತರ ಕೊಟ್ಟಿತು. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ಆ ಹೋಟೆಲಿನ ವ್ಯಾಲೆ ಸಿಬ್ಬಂದಿಗೆ ಒಬ್ಬರು ಮಾರುತಿ ಝೆನ್‌ನ ಕೀ ಕೊಟ್ಟು ಒಳಗೆ ಹೋಗಿದ್ದರು. ಹೊರಬರುವಷ್ಟರಲ್ಲಿ ಯಾರೋ ಆ ಕೀ ಎತ್ತಿಕೊಂಡು ಕಾರು ಹೊಡೆದುಕೊಂಡು ಹೋಗಿದ್ದರು. ಪಾರ್ಕಿಂಗ್ ಚೀಟಿಯಲ್ಲಿ ಮಾಲೀಕರದೇ ಹೊಣೆ ಎಂದು ಅಚ್ಚಾಗಿತ್ತು. ಕೀ ಕೊಟ್ಟಾಗಲೇ ವಸ್ತು ಹೋಟೆಲಿನ ವಶಕ್ಕೆ ಬಂತು, ತನ್ನ ಸಿಬ್ಬಂದಿಯ ಅಲಕ್ಷ್ಯವನ್ನು ಅದು ಚೀಟಿಯಿಂದ ಮುಚ್ಚಿಕೊಳ್ಳಲಾಗದು, ಜೋಪಾನ ಮಾಡಿದ್ದೆವೆಂದು ತೋರಿಸುವ ಭಾರವೂ ಅದರದೇ ಎಂದಿತು ಕೋರ್ಟ್. ಅದು ಕಳವಿನ ಪ್ರಕರಣವಾದರೂ, ಕಲಂ 151ರ ಜೋಪಾನ ಗ್ಯಾರೇಜಿನಲ್ಲಿ ಬಿದ್ದ ಡೆಂಟಿಗೂ ಅನ್ವಯಿಸುತ್ತದೆ.

ಹೀಗಾದರೆ ಬೀದಿಬದಿಯ ಸಣ್ಣ ಗ್ಯಾರೇಜು ಬದುಕುವುದು ಹೇಗೆಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾನೂನು ಕೇಳುವುದು ಜೋಪಾನವನ್ನು, ಪವಾಡವನ್ನಲ್ಲ. ಕಳ್ಳರು ಒಯ್ದ, ನೀರು ಕೊಚ್ಚಿದ, ಬೆಂಕಿ ಸುಟ್ಟ ನಿಕ್ಷೇಪಕ್ಕೆ, ಎಂದರೆ ಜೋಪಾನಕ್ಕಿಟ್ಟ ವಸ್ತುವಿಗೆ, ಮನುಸ್ಮೃತಿಯೂ ವಿನಾಯಿತಿ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಕೂಡ ಹೋಟೆಲಿಗೆ ಸಂಪೂರ್ಣ ಹೊಣೆ ಹೊರಿಸಲು ಒಪ್ಪದೆ, ತಪ್ಪು ತನ್ನದಲ್ಲವೆಂದು ಸಾಬೀತುಪಡಿಸುವ ಅವಕಾಶ ಉಳಿಸಿತು. ಕೀ ಕೊಡದೆ ನಾವೇ ನಿಲ್ಲಿಸಿ ಬಂದ ಕಾರಿನ ಮಾತು ಬೇರೆ. ಇನ್ನು, ಹಳೆಯ ಗೀರನ್ನು ಹೊಸದೆಂದು ಹೇಳುವ ಗಿರಾಕಿಗಳೂ ಇದ್ದಾರೆ. ಅದಕ್ಕೇ ಜಾಬ್ ಕಾರ್ಡಿನಲ್ಲಿ ಗೀರುಗಳನ್ನು ಗುರುತು ಹಾಕಿಸುವುದು, ಕೀ ಕೊಡುವಾಗಲೇ ನಾಲ್ಕೂ ಕಡೆಯ ಫೋಟೊ ತೆಗೆಯುವುದು ಇಬ್ಬರಿಗೂ ರಕ್ಷೆ. ಡೆಂಟ್ ಕಂಡರೆ ಕಾರು ಹೊರತರುವ ಮೊದಲೇ ಬರೆಸಿಕೊಳ್ಳಬೇಕು. ಒಪ್ಪದಿದ್ದರೆ ಲಿಖಿತ ನೋಟಿಸು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. 1986ರ ಕಾಯಿದೆಯಲ್ಲಿ ಎದುರಾಳಿಯ ಊರಿಗೋ ಘಟನೆ ನಡೆದ ಊರಿಗೋ ಅಲೆಯಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯಿದೆ ಆ ಅಲೆದಾಟ ತಪ್ಪಿಸಿದೆ: ಬೆಂಗಳೂರಿನಲ್ಲಿ ಕಾರಿಗೆ ಪೆಟ್ಟಾದ ಕಲಬುರಗಿಯವರು ಕಲಬುರಗಿಯಲ್ಲೇ ದೂರು ದಾಖಲಿಸಬಹುದು.