ಚಿಪ್ಪಿನ ಸಾಕ್ಷ್ಯ: ಪ್ರಾಚೀನ ಸಾಗರಗಳ ಉಷ್ಣತೆಯ ಶೋಧ

ಲಿಖಿತ ದಾಖಲೆಗಳಿಲ್ಲದ ಕಾಲದಲ್ಲಿ ಕಡಲು ಎಷ್ಟು ಬೆಚ್ಚಗಿತ್ತು ಎಂಬುದನ್ನು ಅಂಕಿಗಳಲ್ಲಿ ಹೇಳುವ ಮಾರ್ಗವನ್ನು ತೋರಿಸಿದವರು ಅಮೆರಿಕದ ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ. ಆಮ್ಲಜನಕದ ಪರಮಾಣುಗಳಲ್ಲಿ ಬಹುಪಾಲು 16 ತೂಕದವು. ಸುಮಾರು 500ಕ್ಕೆ ಒಂದು ಮಾತ್ರ 18 ತೂಕದ್ದು. ಒಂದೇ ಧಾತುವಿನ ಇಂತಹ ಭಿನ್ನ ತೂಕದ ರೂಪಗಳೇ ಸಮಸ್ಥಾನಿಗಳು. ಕಡಲಜೀವಿಗಳು ಸುಣ್ಣದ ಚಿಪ್ಪು ಕಟ್ಟಿಕೊಳ್ಳುವಾಗ, ನೀರು ತಣ್ಣಗಾದಷ್ಟೂ ಚಿಪ್ಪಿನಲ್ಲಿ ಭಾರವಾದ ಆಮ್ಲಜನಕದ ಪಾಲು ಹೆಚ್ಚುತ್ತದೆ. ಈ ತತ್ತ್ವದ ಸೈದ್ಧಾಂತಿಕ ತಳಹದಿಯನ್ನು ಯೂರಿಯವರು 1947ರಲ್ಲಿ ಪ್ರಕಟಿಸಿದರು.

1951ರಲ್ಲಿ ಯೂರಿ, ಲೋವನ್‌ಸ್ಟಾಮ್, ಎಪ್‌ಸ್ಟೈನ್ ಮತ್ತು ಮೆಕಿನ್ನೆ ಅವರು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಜುರಾಸಿಕ್ ಯುಗದ ಬೆಲೆಮ್ನೈಟ್ ಪಳೆಯುಳಿಕೆಯೊಂದನ್ನು ಪದರಪದರವಾಗಿ ಪರೀಕ್ಷಿಸಿದರು. ಕಣವೆಯನ್ನು ಹೋಲುವ ಆ ಪ್ರಾಣಿ ಎಳವೆ ಕಳೆದ ಮೇಲೆ ಮೂರು ಬೇಸಿಗೆ, ನಾಲ್ಕು ಚಳಿಗಾಲಗಳನ್ನು ಕಂಡಿತ್ತೆಂದು ತಿಳಿದುಬಂದಿತು.

ಇದೇ ಬಳಗದಲ್ಲಿ ಪಳಗಿದ, ಇಟಲಿ ಮೂಲದ ಚೆಸಾರೆ ಎಮಿಲಿಯಾನಿ 1955ರಲ್ಲಿ ಆಳಸಮುದ್ರದ ಕೆಸರಿನಲ್ಲಿ ದೊರೆತ ಫೋರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳಿಂದ ಹಿಮಯುಗಗಳ ಏರಿಳಿತವನ್ನು ನಿರೂಪಿಸಿದರು. ಕೆರಿಬಿಯನ್ ಕಡಲಿನ ಮೇಲ್ಮೈ ಹಿಮಯುಗದಲ್ಲಿ ಸುಮಾರು 6 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿದಿತ್ತೆಂಬುದು ಅವರ ನಿರ್ಣಯ.

ಆದರೆ ಚಿಪ್ಪು ಉಷ್ಣತೆಯನ್ನಷ್ಟೇ ದಾಖಲಿಸುವುದಿಲ್ಲ. ಹಗುರ ಆಮ್ಲಜನಕವುಳ್ಳ ನೀರು ಸುಲಭವಾಗಿ ಆವಿಯಾಗುತ್ತದೆ. ಅದು ನೆಲದ ಮೇಲೆ ಹಿಮರಾಶಿಯಾಗಿ ಉಳಿದುಬಿಟ್ಟರೆ ಕಡಲಿನಲ್ಲಿ ಭಾರವಾದ ಆಮ್ಲಜನಕದ ಪಾಲು ಹೆಚ್ಚುತ್ತದೆ. ಎಮಿಲಿಯಾನಿ ಈ ಪರಿಣಾಮವನ್ನು ಅಲ್ಪವೆಂದು ಗಣಿಸಿದ್ದರು. 1967ರಲ್ಲಿ ಕೇಂಬ್ರಿಜ್‌ನ ನಿಕೋಲಸ್ ಶ್ಯಾಕಲ್‌ಟನ್ ಕಡಲತಳದಲ್ಲಿ ಬಾಳಿದ ಜೀವಿಗಳ ಚಿಪ್ಪುಗಳನ್ನು ಮುಂದಿಟ್ಟು ಇದನ್ನು ಪ್ರಶ್ನಿಸಿದರು. ತಳದ ನೀರು ಇಂದಿಗೂ ಹೆಪ್ಪುಗಟ್ಟುವ ಮಟ್ಟಕ್ಕೆ ಸಮೀಪದಲ್ಲಿಯೇ ಇದೆ. ಅದು ಇನ್ನಷ್ಟು ತಣಿಯಲು ಅವಕಾಶ ಕಡಿಮೆ. ಆದರೂ ಅಲ್ಲಿನ ಚಿಪ್ಪುಗಳಲ್ಲಿ ಮೇಲ್ಮೈಯ ಚಿಪ್ಪುಗಳಷ್ಟೇ ಬದಲಾವಣೆ ಕಂಡುಬಂದಿತ್ತು. ಆದ್ದರಿಂದ ಈ ಅಂಕಿಗಳ ಹೆಚ್ಚಿನ ಪಾಲು ಹಿಮದ ಪ್ರಮಾಣವನ್ನು ಸೂಚಿಸುತ್ತದೆಯೆಂದು ಅವರು ವಾದಿಸಿದರು.

ಇದರಿಂದ ಎಮಿಲಿಯಾನಿಯವರ ಶ್ರಮ ವ್ಯರ್ಥವಾಗಲಿಲ್ಲ. ಅವರು ಗುರುತಿಸಿದ ಏರಿಳಿತಗಳ ಕ್ರಮ ಉಳಿಯಿತು. ಬದಲಾದುದು ಅದರ ಅರ್ಥ. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್‌ಟನ್ ಇಂತಹ ದಾಖಲೆಗಳ ನೆರವಿನಿಂದಲೇ ಹಿಮಯುಗಗಳ ಲಯವನ್ನು ಭೂಕಕ್ಷೆಯ ಬದಲಾವಣೆಗಳೊಂದಿಗೆ ಹೊಂದಿಸಿ ತೋರಿಸಿದರು. ಅನಂತರ ಅದೇ ಚಿಪ್ಪಿನಲ್ಲಿರುವ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂಗಳ ಅನುಪಾತವು ಉಷ್ಣತೆಗೆ ಪ್ರತ್ಯೇಕ ಸಾಕ್ಷ್ಯವಾಗಿ ಒದಗಿ, ಹಿಮದ ಪಾಲನ್ನು ಬೇರ್ಪಡಿಸಲು ನೆರವಾಯಿತು. ಜಾನಪದ ಅಧ್ಯಯನದಲ್ಲಿ ಒಂದೇ ಪಾಠವನ್ನು ನೆಚ್ಚದೆ ಪಾಠಾಂತರಗಳನ್ನು ಹೋಲಿಸುವಂತೆ, ಇಲ್ಲಿಯೂ ಒಂದು ಸಾಕ್ಷ್ಯವನ್ನು ಮತ್ತೊಂದರೊಡನೆ ಒರೆಹಚ್ಚಿದಾಗಲೇ ಗತಕಾಲದ ಕಡಲಿನ ಇತಿಹಾಸ ಖಚಿತವಾಗುತ್ತದೆ.