ಎದೆಯ ಗಂಟಿಗೆ ಅಪ್ಪಣೆ ಕೊಡುವವರು ಯಾರು?

ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿ ಎಮ್ಮೆ ಕಟ್ಟಿದ ಯಾವ ಮನೆಯವರನ್ನು ಕೇಳಿದರೂ ಒಂದು ಮಾತು ಹೇಳುತ್ತಾರೆ: ಎಮ್ಮೆ ಮತ್ತೆ ಗಬ್ಬವಾಯಿತೆಂದರೆ ಹಾಲು ಇಳಿಯುತ್ತ ಬರುತ್ತದೆ. ಗರ್ಭಕ್ಕೂ ಕೆಚ್ಚಲಿಗೂ ನಂಟು ಉಂಟೆಂಬುದು ಹೈನ ಮಾಡುವವರಿಗೆ ಹೊಸ ವಿಷಯವಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆಯ ಒಂದು ದೊಡ್ಡ ಕವಲು ಹುಟ್ಟಿದ್ದು ಇಂಥದೇ ಕೊಟ್ಟಿಗೆಯ ತಿಳಿವಳಿಕೆಯಿಂದ.

ಜಾರ್ಜ್ ಥಾಮಸ್ ಬೀಟ್ಸನ್ ಹುಟ್ಟಿದ್ದು ಸಿಂಹಳದ ಟ್ರಿಂಕೋಮಲಿಯಲ್ಲಿ, ವೈದ್ಯರಾದದ್ದು ಸ್ಕಾಟ್ಲೆಂಡಿನಲ್ಲಿ. 1870ರ ದಶಕದಲ್ಲಿ ಮನೋವ್ಯಾಧಿಯಿಂದ ಬಳಲುತ್ತಿದ್ದ ಒಬ್ಬರ ಆರೈಕೆಗಾಗಿ ಹಳ್ಳಿಯ ಎಸ್ಟೇಟೊಂದರಲ್ಲಿ ಉಳಿದಿದ್ದಾಗ ಅವರಿಗೆ ಬೇಕಾದಷ್ಟು ಬಿಡುವಿತ್ತು. ಪಕ್ಕದಲ್ಲೇ ಕುರಿ ಸಾಕಣೆ. ಮರಿಗಳಿಗೆ ಹಾಲು ಬಿಡಿಸುವ ಕಾಲ. ಹಾಲು ಉತ್ಪತ್ತಿಯಾಗುವ ಬಗೆಯನ್ನೇ ಅವರು ಎಂ.ಡಿ. ಪ್ರಬಂಧಕ್ಕೆ ಆರಿಸಿಕೊಂಡರು. ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಅದು ಬಹುಕಾಲ ಹಾಲು ಕೊಡುತ್ತದೆಂದು ಆಸ್ಟ್ರೇಲಿಯಾದ ರೈತರು ಕಂಡುಕೊಂಡಿದ್ದ ಸಂಗತಿಯೂ ಅವರ ಕಿವಿಗೆ ಬಿತ್ತು. ಒಂದು ಅಂಗ ಅಷ್ಟು ದೂರದ ಇನ್ನೊಂದು ಅಂಗವನ್ನು ಆಳುವುದು ಹೇಗೆ? ‘ಹಾರ್ಮೋನು’ ಎಂಬ ಪದ ಹುಟ್ಟಿದ್ದೇ 1905ರಲ್ಲಿ.

1895ರಲ್ಲಿ ಗ್ಲಾಸ್ಗೊದಲ್ಲಿ 33 ವರ್ಷದ ಮಹಿಳೆಯೊಬ್ಬರು ಬೀಟ್ಸನ್ ಬಳಿ ಬಂದರು. ಸ್ತನ ತೆಗೆದ ಮೇಲೂ ರೋಗ ಮರುಕಳಿಸಿತ್ತು. ಬೀಟ್ಸನ್ ಅವರ ಅಂಡಾಶಯಗಳನ್ನು ತೆಗೆದರು. ಎಂಟು ತಿಂಗಳಲ್ಲಿ ಗಂಟುಗಳು ಕರಗಿಹೋದವು. 1896ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಯಿತು. ಆ ಮಹಿಳೆ ಬದುಕಿದ್ದು 1899ರವರೆಗೆ. ಅದೂ ಅಂದಿಗೆ ಸಣ್ಣ ಮಾತಲ್ಲ.

ಅದೇ ಕಾಲಕ್ಕೆ, 1894ರಲ್ಲಿ, ಮೀರಜಿನಲ್ಲಿ ವಿಲಿಯಂ ವಾನ್‌ಲೆಸ್ ಅವರ ಮಿಷನ್ ಆಸ್ಪತ್ರೆ ಆರಂಭವಾಗಿತ್ತು. ಕಾಯಿಲೆ ದೊಡ್ಡದೆಂದರೆ ಜಮಖಂಡಿ ಸೀಮೆಯವರು ಮೀರಜಿನ ದಾರಿ ಹಿಡಿಯುವ ರೂಢಿ ಹಳೆಯದು. ಆದರೆ ಆ ದಿನಗಳಲ್ಲಿ ಜಗತ್ತಿನ ಯಾವ ಆಸ್ಪತ್ರೆಗೆ ಹೋದರೂ ಸ್ತನ ಕ್ಯಾನ್ಸರಿಗೆ ಇದ್ದದ್ದು ಕತ್ತಿಯೊಂದೇ.

ಬೀಟ್ಸನ್ ವಿಧಾನವನ್ನು ಹಲವರು ಅನುಸರಿಸಿದರು. 1900ರಲ್ಲಿ ಲಂಡನ್ನಿನ ಸ್ಟ್ಯಾನ್ಲಿ ಬಾಯ್ಡ್ ಇಂಥ 54 ಶಸ್ತ್ರಚಿಕಿತ್ಸೆಗಳ ಲೆಕ್ಕ ಹಾಕಿದಾಗ ಗುಣ ಕಂಡದ್ದು ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ. ಉಳಿದ ಇಬ್ಬರಿಗೆ ಏಕಿಲ್ಲ? ಯಾರಿಗೆ ಗುಣವಾದೀತು ಎಂದು ಮೊದಲೇ ಹೇಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ಉತ್ತರದ ಎಳೆ ಹಿಡಿದವರು ಷಿಕಾಗೊದ ಎಲ್ವುಡ್ ಜೆನ್ಸನ್. 1950ರ ದಶಕದ ಕೊನೆಯಲ್ಲಿ ಅವರು ಈಸ್ಟ್ರೋಜೆನ್ ಹಾರ್ಮೋನಿಗೆ ವಿಕಿರಣದ ಗುರುತು ಹಚ್ಚಿ, ಅದು ದೇಹದಲ್ಲಿ ಎಲ್ಲಿ ಹೋಗಿ ನಿಲ್ಲುತ್ತದೆಂದು ಹಿಂಬಾಲಿಸಿದರು. ರಕ್ತದ ಜೊತೆ ಅದು ಎಲ್ಲೆಡೆ ಹರಿದರೂ ನೆಲೆ ನಿಲ್ಲುವುದು ಕೆಲವೇ ಜೀವಕೋಶಗಳಲ್ಲಿ. ಆ ಕೋಶಗಳೊಳಗೆ ಅದನ್ನು ಹಿಡಿದುಕೊಳ್ಳುವ ಒಂದು ಪ್ರೊಟೀನು ಇರುತ್ತದೆ. ಅದನ್ನು ‘ಗ್ರಾಹಿ’ ಎನ್ನಬಹುದು. ಹಾರ್ಮೋನು ಬಂದು ಕೂಡಿಕೊಂಡರೆ ಗ್ರಾಹಿಯು ವಂಶವಾಹಿಗಳನ್ನು ಎಚ್ಚರಿಸಿ, ಕೋಶಕ್ಕೆ ಇಬ್ಭಾಗವಾಗಲು ಅಪ್ಪಣೆ ಕೊಡುತ್ತದೆ. ಗ್ರಾಹಿ ಇಲ್ಲದ ಗಂಟಿಗೆ ಈ ಅಪ್ಪಣೆ ಕೇಳಿಸುವುದೇ ಇಲ್ಲ. ಬಾಯ್ಡ್ ಅವರ ಲೆಕ್ಕದಲ್ಲಿ ಗುಣ ಕಾಣದವರ ಒಗಟು ಬಹುಮಟ್ಟಿಗೆ ಬಿಡಿಸಿದ್ದು ಇಲ್ಲಿ.

ಅಂಡಾಶಯ ತೆಗೆಯುವ ಬದಲು ಗ್ರಾಹಿಯ ಜಾಗವನ್ನೇ ಮತ್ತೊಂದು ವಸ್ತುವಿನಿಂದ ಆಕ್ರಮಿಸಿದರೆ? ಆ ವಸ್ತು ಸಿಕ್ಕಿದ್ದು ಬೇರೆ ಏನನ್ನೋ ಹುಡುಕುವಾಗ. 1962ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ತಯಾರಿಸಿದ ಟ್ಯಾಮಾಕ್ಸಿಫೆನ್ ಸಂತಾನ ನಿಯಂತ್ರಣದ ಗುಳಿಗೆಯಾಗಬೇಕಿತ್ತು. ಇಲಿಗಳಲ್ಲಿ ಗರ್ಭ ತಡೆಯಿತು. ಹೆಂಗಸರಲ್ಲಿ ಅಂಡೋತ್ಪತ್ತಿಯನ್ನು ಹೆಚ್ಚಿಸಿತು! ಮೂಲೆಗೆ ಸೇರಬೇಕಿದ್ದ ಈ ಔಷಧಿ ಸ್ತನ ಕ್ಯಾನ್ಸರಿಗೆ ಉಪಯುಕ್ತವೆಂಬ ಮೊದಲ ವರದಿ 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟೀ ಆಸ್ಪತ್ರೆಯಿಂದ ಬಂತು. ಗ್ರಾಹಿ ಇರುವ ರೋಗಿಗಳು 5 ವರ್ಷ ಇದನ್ನು ಸೇವಿಸಿದರೆ 15 ವರ್ಷಗಳ ಅವಧಿಯಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆಂದು ಮುಂದೆ ಸಿದ್ಧವಾಯಿತು. ಬೆಲೆಯೋ, ದಿನಕ್ಕೆ ಕೆಲವೇ ರೂಪಾಯಿ.

ಇದರ ದಾಯಾದಿಯೊಂದು ನಮ್ಮ ಹಳ್ಳಿಗಳಲ್ಲೇ ಓಡಾಡುತ್ತಿದೆ. ಆಶಾ ಕಾರ್ಯಕರ್ತೆಯರು ಹಂಚುವ ‘ಛಾಯಾ’ ಗರ್ಭನಿರೋಧಕ ಗುಳಿಗೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಕೊಡುಗೆ. 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು. ಅದೂ ಕೆಲಸ ಮಾಡುವುದು ಈಸ್ಟ್ರೋಜೆನ್ ಗ್ರಾಹಿಯ ಮೇಲೆಯೇ. ಆದರೆ ಒಂದರ ಬದಲಿಗೆ ಇನ್ನೊಂದನ್ನು ನುಂಗುವಂತಿಲ್ಲ.

ಅಪ್ಪಣೆ ಕೊಡುವುದು ಹಾರ್ಮೋನೊಂದೇ ಅಲ್ಲ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಲಿಮರಿಗಳಿಗೆ ಒಂದು ಗ್ರಂಥಿಯ ಸಾರ ಚುಚ್ಚಿದಾಗ ಅವು ವಾಡಿಕೆಗಿಂತ ಎಷ್ಟೋ ದಿನ ಮೊದಲೇ ಕಣ್ಣು ತೆರೆದವು. ಚರ್ಮದ ಕೋಶಗಳನ್ನು ಬೆಳೆಸುವ ‘ವೃದ್ಧಿಕಾರಕ’ ಪತ್ತೆಯಾದದ್ದು ಹೀಗೆ. ಅದಕ್ಕೆ 1986ರ ನೊಬೆಲ್ ಬಂತು. ವೃದ್ಧಿಕಾರಕಗಳ ಗ್ರಾಹಿಗಳು ಕೋಶದ ಹೊರಮೈಯಲ್ಲಿ ನಿಂತಿದ್ದು ಒಳಕ್ಕೆ ಸುದ್ದಿ ಕಳಿಸುತ್ತವೆ. ಅವುಗಳಲ್ಲೊಂದು ಹರ್-2. ಇದರ ಮೊದಲ ಸುಳಿವು 1982ರಲ್ಲಿ ಇಲಿಯ ಗೆಡ್ಡೆಯೊಂದರಲ್ಲಿ ಸಿಕ್ಕಿತು. ಆ ಪ್ರಬಂಧದ ಮೊದಲ ಲೇಖಕರು ಭಾರತದ ಲಕ್ಷ್ಮೀಚರಣ ಪಾಧಿ. 1987ರಲ್ಲಿ ಡೆನಿಸ್ ಸ್ಲೇಮನ್ ತಂಡ 189 ಸ್ತನ ಗಂಟುಗಳನ್ನು ಪರೀಕ್ಷಿಸಿ, ಸುಮಾರು ಶೇ 30ರಲ್ಲಿ ಹರ್-2 ವಂಶವಾಹಿಯ ಪ್ರತಿಗಳು ಅತಿಯಾಗಿರುವುದನ್ನೂ, ಅಂಥವರಲ್ಲಿ ರೋಗ ಬೇಗ ಮರುಕಳಿಸುವುದನ್ನೂ ತೋರಿಸಿತು. ಅದನ್ನು ಕಟ್ಟಿಹಾಕುವ ಟ್ರಾಸ್ಟುಜುಮ್ಯಾಬ್ ಔಷಧಿಗೆ 1998ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು.

ಆ ಔಷಧಿಯ ಬೆಲೆ ಕೇಳಿದರೆ ಎದೆ ನಡುಗುವಂತಿತ್ತು. ಇಲ್ಲಿ ಬೆಂಗಳೂರಿನ ಪಾತ್ರ ಬರುತ್ತದೆ. 1978ರಲ್ಲಿ ಪಪ್ಪಾಯಿಯ ಕಿಣ್ವ ತಯಾರಿಸುತ್ತ ಶುರುವಾದ ಬಯೋಕಾನ್, ಮೈಲಾನ್ ಕಂಪನಿಯ ಜೊತೆಗೂಡಿ ಇದರ ಸಮರೂಪಿಯನ್ನು ಸಿದ್ಧಪಡಿಸಿ 2014ರಲ್ಲಿ ‘ಕ್ಯಾನ್‌ಮ್ಯಾಬ್’ ಹೆಸರಿನಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು. 440 ಮಿಲಿಗ್ರಾಂ ಸೀಸೆಗೆ 57,500 ರೂಪಾಯಿ. ಅಗ್ಗವಾಯಿತು ನಿಜ, ಕಬ್ಬಿನ ಬಿಲ್ಲು ನೆಚ್ಚಿದ ಮನೆಗೆ ಅದೂ ಅಗ್ಗವೇ ಎಂಬುದು ಬೇರೆ ಮಾತು. 2017ರ ಡಿಸೆಂಬರಿನಲ್ಲಿ ಅಮೆರಿಕವೂ ಈ ಸಮರೂಪಿಗೆ ಒಪ್ಪಿಗೆ ಕೊಟ್ಟಿತು.

ಈ ಎರಡು ದಾರಿಗಳು ಪರಸ್ಪರ ಅಪರಿಚಿತವಲ್ಲ. ಒಂದು ಕಾಲುವೆಯ ಗೇಟು ಹಾಕಿದರೂ ಪಕ್ಕದ ಕಾಲುವೆಯಿಂದ ಹೊಲಕ್ಕೆ ನೀರು ನುಗ್ಗುವಂತೆ, ಟ್ಯಾಮಾಕ್ಸಿಫೆನ್ ಕೊಟ್ಟು ಈಸ್ಟ್ರೋಜೆನ್ನನ್ನು ತಡೆದರೂ ವೃದ್ಧಿಕಾರಕದ ಸುದ್ದಿ ಕೆಲವೊಮ್ಮೆ ಅದೇ ಗ್ರಾಹಿಯನ್ನು ಒಳಗಿನಿಂದ ಎಬ್ಬಿಸುತ್ತದೆ. ಕೆಲವು ರೋಗಿಗಳಲ್ಲಿ ಗುಳಿಗೆ ಕೈಕೊಡುವುದಕ್ಕೆ ಇದೊಂದು ಕಾರಣ. ಇನ್ನು ಎರಡು ಹಾರ್ಮೋನುಗಳ ಗ್ರಾಹಿಗಳೂ ಇಲ್ಲದ, ಹರ್-2 ಕೂಡ ಹೆಚ್ಚಿಲ್ಲದ ಗಂಟುಗಳುಂಟು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇವುಗಳ ಪ್ರಮಾಣ ಹೆಚ್ಚು, ಸುಮಾರು ಶೇ 30.

ಆದ್ದರಿಂದಲೇ ಈಗ ಗಂಟಿನ ಚೂರನ್ನು ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಪರೀಕ್ಷೆಗಳಿಗೆ ಒಡ್ಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಆರಂಭದ ವರ್ಷಗಳಲ್ಲಿ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಈಗ ಆ ಜಾಗ ಸ್ತನ ಕ್ಯಾನ್ಸರಿನದು. ಪರೀಕ್ಷೆಯ ಅಗತ್ಯವೂ ಅಷ್ಟೇ ಬೆಳೆದಿದೆ.

ಗಂಟು ಮೊದಲು ಹೊರಬರುವುದು ಎಷ್ಟೋ ಸಲ ತಾಲ್ಲೂಕು ಕೇಂದ್ರದ ಸಣ್ಣ ಆಪರೇಷನ್ ಥಿಯೇಟರಿನಲ್ಲಿ. ಪರೀಕ್ಷೆ ನಡೆಯುವುದು ದೂರದ ನಗರದಲ್ಲಿ. ಕತ್ತರಿಸಿದ ಚೂರು ಹೊರಗೆ ಉಳಿದಷ್ಟು ಹೊತ್ತೂ ಗ್ರಾಹಿ ಪ್ರೊಟೀನು ಕೆಡುತ್ತ ಹೋಗುತ್ತದೆ. ಕೆಟ್ಟ ಮೇಲೆ ಪರೀಕ್ಷಿಸಿದರೆ ‘ಗ್ರಾಹಿ ಇಲ್ಲ’ ಎಂಬ ಸುಳ್ಳು ವರದಿ ಬರಬಹುದು. ಕೆಲವೇ ರೂಪಾಯಿಯ ಗುಳಿಗೆಯಿಂದ ಬದುಕಬಹುದಾಗಿದ್ದ ಹೆಣ್ಣುಮಗಳಿಗೆ ಆ ಗುಳಿಗೆಯನ್ನೇ ಬರೆದುಕೊಡುವುದಿಲ್ಲ. ತಪ್ಪಾಗಿದೆ ಎಂಬುದು ಆಕೆಗೂ ತಿಳಿಯದು, ಬರೆದ ವೈದ್ಯರಿಗೂ ತಿಳಿಯದು.

ಅಂತರರಾಷ್ಟ್ರೀಯ ಮಾರ್ಗಸೂಚಿ ಕೇಳುವುದು ಇಷ್ಟೇ: ತೆಗೆದ ಗಂಟು ಒಂದು ಗಂಟೆಯೊಳಗೆ ಸಾಕಷ್ಟು ಫಾರ್ಮಲಿನ್‌ನಲ್ಲಿ ಮುಳುಗಿರಬೇಕು, 6 ಗಂಟೆಗಿಂತ ಕಡಿಮೆ ಅಥವಾ 72 ಗಂಟೆಗಿಂತ ಹೆಚ್ಚು ಅದರಲ್ಲಿ ಇರಬಾರದು. ತೆಗೆದ ಹೊತ್ತು, ಮುಳುಗಿಸಿದ ಹೊತ್ತು ಎರಡನ್ನೂ ಗಂಟಿನ ಜೊತೆ ಹೋಗುವ ಚೀಟಿಯಲ್ಲಿ ಬರೆದಿರಬೇಕು.